ಕಾಮಣ್ಣನ ಬೆಂಕಿಗೆ ಹೋದ ಬಾಗಿಲು

ದಾಂಡೇಲಿ
ತಾ. 24-3-1962

ಚಿರಂಜೀವಿ ಕಾಶೆವ್ವಳಿಗೆ ನಿನ್ನ ಕಾಕಾ ಈಶಪ್ಪನ ಆಶೀರ್ವಾದ.

ಮೊದಲು ಈ ಕಾಗದವನ್ನು ಮುಟ್ಟಿ ನೋಡು. ಇದನ್ನು ಮಾಡಿದವನು ನಾನು. ಇದೊಂದೇ ಅಲ್ಲ. ದಿಲ್ಲಿಯ ಮಂತ್ರಿಗಳು ಸಹಿ ಹಾಕುವ ಕಾಗದ, ಶಾಲೆಯ ಪುಸ್ತಕದ ಕಾಗದ, ಲಗ್ನಪತ್ರಿಕೆಯ ಕಾಗದ, ಹಿಂದುಸ್ತಾನದಲ್ಲಿ ಎಲ್ಲಿ ಬಿಳಿ ಹಾಳೆ ಕಂಡರೂ ಅದು ಈಶಪ್ಪನ ಕೈ ದಾಟಿ ಬಂದದ್ದು. ಬಿದಿರು ಯಾರ್ಡಿನ ಮುಕಾದಮ ನಾನು. ನಾನು ಹೂಂ ಅನ್ನದೆ ಒಂದು ಗಳವೂ ಒಳಗೆ ಹೋಗುವುದಿಲ್ಲ. ಹೋದ ತಿಂಗಳು ನಾನು ಜ್ವರ ಬಂದು ಮಲಗಿದ ದಿನ ಕಾರ್ಖಾನೆಯ ಸೀಟಿಯೇ ಊದಲಿಲ್ಲವಂತೆ. ನಾನು ಹೇಳುತ್ತಿಲ್ಲ, ಜನ ಹೇಳುತ್ತಾರೆ.

ಇಂಥ ಮನುಷ್ಯನ ಬಾಗಿಲನ್ನು ಸುಟ್ಟರು, ಕಾಶಿ! ಹಾಡು ಹಾಡುತ್ತ, ಹಲಗೆ ಬಾರಿಸುತ್ತ ಸುಟ್ಟರು!

ಯಾವ ಬಾಗಿಲೆಂದು ಕೇಳಬೇಡ. ನಮ್ಮೂರು ಇಂದೂರಿನಲ್ಲಿ ನೀನೂ ನಿನ್ನ ಗಂಡ ಶಿವಲಿಂಗಪ್ಪನೂ ಕಟ್ಟಿಸುತ್ತಿರುವ ಹೊಸ ಮನೆಗೆ ತಲೆಬಾಗಿಲು ನನ್ನದು ಎಂದು ದೀಪಾವಳಿಯಲ್ಲಿ ನಾಲ್ಕು ಜನರ ಎದುರು ಮಾತು ಕೊಟ್ಟಿದ್ದೆನಲ್ಲ, ಅದೇ. ಅಪ್ಪಟ ಸಾಗವಾನಿ. ಹಳಿಯಾಳದ ಕಡೆ ಒಬ್ಬ ದೇಸಾಯರ ವಾಡೆ ಕೆಡವಿದಾಗ ಹತ್ತು ಜನ ಗಿರಾಕಿಗಳನ್ನು ಹಿಂದೆ ತಳ್ಳಿ ತಂದದ್ದು. ಎರಡೂ ಕದಗಳ ಮೇಲೆ ಆನೆ, ಆನೆಯ ಸೊಂಡಿಲಲ್ಲಿ ಕಮಲ. ಬೆಲೆ ಮುನ್ನೂರು ರೂಪಾಯಿ. ಲಾರಿ ಸಿಕ್ಕೊಡನೆ ಕಳಿಸಬೇಕೆಂದು ಚಾಳಿನ ಹಿತ್ತಿಲಲ್ಲಿ ಒರಗಿಸಿ ತಗಡು ಮುಚ್ಚಿಟ್ಟಿದ್ದೆ. ಹೋಳಿ ಹುಣ್ಣಿಮೆಗೆ ನನ್ನದು ರಾತ್ರಿ ಪಾಳಿ. ಬೆಳಿಗ್ಗೆ ಬಂದು ನೋಡಿದರೆ ತಗಡು ಇದೆ, ಬಾಗಿಲಿಲ್ಲ. ಮೈದಾನದಲ್ಲಿ ಕಾಮಣ್ಣನನ್ನು ಸುಟ್ಟ ಬೂದಿಯಲ್ಲಿ ಕದ ತೂಗುವ ಕಬ್ಬಿಣದ ಎರಡು ಬಿಜಾಗರಿ ಕೆಂಪಗೆ ಬಿದ್ದಿದ್ದವು.

ಅಷ್ಟರಲ್ಲಿ ಮುಖದ ತುಂಬ ಬಣ್ಣ ಮೆತ್ತಿಕೊಂಡು ಲಗಮಪ್ಪ ಬಂದ. ನನ್ನ ಪಕ್ಕದ ಖೋಲಿಯವನು. ಖಾನಾಪುರದ ಕಡೆಯವನು, ತಾಯಿ ಸಕ್ಕುಬಾಯಿಯ ಜೊತೆ ಇದ್ದಾನೆ. ಕಾರ್ಖಾನೆಯಲ್ಲಿ ಇನ್ನೂ ಹಂಗಾಮಿ; ಮೇ ತಿಂಗಳಿಗೆ ಕಾಯಂ ಆಗಬೇಕು.

"ಕಾಕಾರ, ನಿಮ್ಮ ಬಾಗಲಾ ಏನ್ ಉರೀತ್ರಿ! ಕಾಮಣ್ಣ ಇಂಥಾ ಕಟ್ಟಿಗಿ ಕಂಡೇ ಇದ್ದಿಲ್ಲ ಬಿಡ್ರಿ."

"ಯಾವ ಮಗಾ ಹೊತ್ತೊಯ್ದಾಂವ?"

"ಅದನ್ನ ಕೇಳಬಾರದ್ರಿ. ಹೋಳಿ ಕಟ್ಟಿಗಿ ಯಾರದಂತ ಕೇಳಂಗಿಲ್ಲ, ಯಾರು ತಂದ್ರಂತ ಹೇಳಂಗಿಲ್ಲ. ಹಿರೇರು ಮಾಡಿಟ್ಟ ಪದ್ಧತಿ. ನೀವು ಬೈರಿ, ಬಾಯಿ ತುಂಬ ಬೈರಿ. ನಾವು ಲಬೋ ಲಬೋ ಅಂತ ಹೊಯ್ಕೋತೇವಿ. ಮುಗೀತು."

ಮುಗಿಯಿತಂತೆ! ನಾನು ನೆಟ್ಟಗೆ ಕಾಲೊನಿಯ ಉಸ್ತುವಾರಿ ನೋಡುವ ಸಾಹೇಬರ ಬಳಿ ಹೋಗಿ ಲಗಮಪ್ಪನ ಹೆಸರು ಬರೆದು ಅರ್ಜಿ ಕೊಟ್ಟೆ. ಸಾಹೇಬರು ಮೈಸೂರು ಕಡೆಯವರು. ಅವರು ಓದಿ, "ನೋಡಿ ಈಶಪ್ಪನವರೇ, ಇದು ನಿಮ್ಮ ಕಡೆ ನಿಜವಾಗಿ ಹಳೇ ಕಾಲದಿಂದ ಬಂದ ಸಂಪ್ರದಾಯ ಆಗಿದ್ರೆ ನಾನು ಕೈ ಹಾಕಲ್ಲ. ಅಲ್ಲ ಅಂತ ನೀವು ತೋರಿಸಿದ್ರೆ ಇದು ಶುದ್ಧ ಕಳ್ಳತನ. ಮುನ್ನೂರು ರೂಪಾಯಿ ಕದ್ದವನನ್ನ ನಾನು ಕಾಯಂ ಮಾಡಲ್ಲ, ಊರಿಗೆ ಕಳಿಸ್ತೀನಿ" ಎಂದರು. ಏಪ್ರಿಲ್ 16ಕ್ಕೆ ವಿಚಾರಣೆ.

ಈಗ ನಿನ್ನ ಕೆಲಸ. ನಮ್ಮ ಶಂಕ್ರವ್ವ ಅತ್ತೆಗಿಂತ ಹಳೆಯ ಜೀವ ಇಂದೂರಿನಲ್ಲಿಲ್ಲ. ಅವಳನ್ನು ಕೇಳು. ಹೋಳಿಗೆ ಕಟ್ಟಿಗೆ ಕದಿಯುವುದು ಹಿಂದೆ ಇರಲಿಲ್ಲ, ಇದು ಇತ್ತೀಚಿನ ಪುಂಡರು ಹುಟ್ಟಿಸಿದ್ದು ಎಂದು ಹೇಳಿಸಿ ಬರೆದು ಕಳಿಸು. ನಾನಂತೂ ಹುಡುಗನಾಗಿದ್ದಾಗ ಯಾರ ಮನೆಯ ಒಂದು ಸಗಣಿ ಕುಳ್ಳನ್ನೂ ಮುಟ್ಟಿದವನಲ್ಲ.

ನಿನ್ನ ಕಾಕಾ
ಈಶಪ್ಪ


ಇಂದೂರ
ತಾ. 30-3-1962

ಕಾಕಾನವರಿಗೆ ಕಾಶೆವ್ವನ ನಮಸ್ಕಾರ.

ಕಾಗದ ಮುಟ್ಟಿ ನೋಡಿದೆ. ಚೆನ್ನಾಗಿದೆ. ಇಷ್ಟು ದೊಡ್ಡವರಾಗಿ ಅಂಚೆ ಚೀಟಿ ಕಡಿಮೆ ಹಚ್ಚಿದ್ದಿರಿ; ದಂಡ ಕೊಟ್ಟು ಬಿಡಿಸಿಕೊಂಡೆ.

ನೀವು ಕುಳ್ಳು ಮುಟ್ಟಿಲ್ಲ ಎಂಬುದು ನಿಜವಿರಬೇಕು. ಕರಿಬಸಪ್ಪಗೌಡರ ಹೊಸ ನೊಗವನ್ನು ಕಾಮಣ್ಣನಿಗೆ ಹಾಕಿ, ಮರುದಿನ ಅವರ ಜೊತೆಗೇ ಊರೆಲ್ಲ ತಿರುಗಿ ನೊಗ ಹುಡುಕಿದವರು ಯಾರೆಂದು ಅಪ್ಪ ಬದುಕಿರುವವರೆಗೂ ಹೇಳಿ ನಗುತ್ತಿದ್ದ.

ಬಾಗಿಲು ಹೋದದ್ದು ಕೇಳಿ ಇವರು ಚೌಕಟ್ಟಿಗೆ ಗೋಣಿ ತಟ್ಟು ಕಟ್ಟಿದರು. ಮನೆಗೆ ಎಲ್ಲರಿಗಿಂತ ಮೊದಲು ಗೃಹಪ್ರವೇಶ ಮಾಡಿದ್ದು ಪಕ್ಕದ ಮನೆಯ ಕರು. ಮಳೆಗಾಲದ ಮುಂಚೆ ಏನಾದರೂ ಮಾಡಿಕೊಳ್ಳುತ್ತೇವೆ, ಅದರ ಚಿಂತೆ ನಿಮಗೆ ಬೇಡ.

ಶಂಕ್ರವ್ವಜ್ಜಿಯನ್ನು ಕೇಳಿದೆ. ಎಲೆ ಅಡಿಕೆ ಕುಟ್ಟುತ್ತ ಕುಳಿತಿದ್ದಳು. ನಿಮ್ಮ ಬಾಗಿಲು ಸುಟ್ಟ ಸುದ್ದಿಗೆ ನಕ್ಕು ನಕ್ಕು ಕೆಮ್ಮಿದಳು. ಆಮೇಲೆ ಅರ್ಜಿಯ ಮಾತು ಹೇಳಿದೆ.

"ಈಶ್ಯಾ ಫಿರ್ಯಾದಿ ಕೊಟ್ಟಾನ?"

"ಹೂಂ, ಕೊಟ್ಟಾರ."

"ಹೆಸರು ಹೇಳ್ಯಾನೇನು?"

"ಹೇಳ್ಯಾರಂತ, ಅಜ್ಜಿ. ಬರೆದು ಕೊಟ್ಟಾರಂತ."

ಕುಟ್ಟುವುದನ್ನು ನಿಲ್ಲಿಸಿದಳು. "ನಮ್ಮ ಮನಿತನದಾಂವಾಗಿ ಹೆಸರು ಹೇಳಿದ್ನ?" ಎಂದು ಎದ್ದು ಒಳಗೆ ಹೋದಳು. ಊಟಕ್ಕೂ ಬರಲಿಲ್ಲ. ಏನೋ ಇದೆ. ಅವಳ ಬಾಯಿ ಬಿಡಿಸುವುದು ನನಗೆ ಬಿಡಿ. ಅಲ್ಲಿಯವರೆಗೆ ನೀವು ನಿಮ್ಮ ಬಾಯಿ ಹಿಡಿಯಿರಿ.

ಕಾಶೆವ್ವ


ದಾಂಡೇಲಿ
ತಾ. 4-4-1962

ಚಿ. ಕಾಶಿ,

ಬಾಯಿ ಹಿಡಿಯಬೇಕಂತೆ! ಬಾಗಿಲು ಕಳೆದುಕೊಂಡವನು ನಾನು, ಬಾಯಿಯನ್ನೂ ಕಳೆದುಕೊಳ್ಳಬೇಕೇ? ಗೌಡರ ನೊಗದ ಮಾತು ನಿಮ್ಮಪ್ಪ ಕಟ್ಟಿದ ಕತೆ. ಆ ನೊಗ ಹೊಸದೂ ಆಗಿರಲಿಲ್ಲ.

ಅತ್ತೆಗೆ ಸಿಟ್ಟು ಬಂದದ್ದು ಯಾಕೆಂದು ನನಗೆ ಗೊತ್ತಾಗಿದೆ. ನಮ್ಮ ಮನೆತನದವನು ಒಂದು ಹಂಗಾಮಿ ಕೂಲಿಯ ಹೆಸರನ್ನು ತನ್ನ ಅರ್ಜಿಯಲ್ಲಿ ಬರೆದು ತನ್ನ ಅಂತಸ್ತು ಕಡಿಮೆ ಮಾಡಿಕೊಂಡನಲ್ಲ ಎಂದು. ಹಳೆಯ ಕಾಲದವಳು. ಸಮಾಧಾನ ಮಾಡು.

ನೀನು ಕೆಲಸ ಮಾಡುವ ಹಾಗೆ ಕಾಣಲಿಲ್ಲವೆಂದು ರವಿವಾರ ಬಸ್ಸು ಹತ್ತಿ ಹಳಿಯಾಳಕ್ಕೆ ನಾನೇ ಹೋದೆ. ಅಲ್ಲಿಯ ಮಠದಲ್ಲಿ ಪುರಾಣ ಹೇಳುವ ಅಯ್ಯನವರನ್ನು ಹಿಡಿದೆ.

"ಅಯ್ಯನವರ, ಶಿವ ಕಾಮನ್ನ ಸುಟ್ಟಾಗ ಕಟ್ಟಿಗಿ ಎಲ್ಲಿಂದ ತಂದ?"

"ಕಟ್ಟಿಗಿ ಯಾಕ ಬೇಕೋ? ಹಣಿಗಣ್ಣು ತೆರೆದ, ಬೂದಿ ಮಾಡಿದ."

"ಹಂಗಾರ ಯಾರ ಹಿತ್ತಲದಾಗೂ ಹೊಕ್ಕಿಲ್ಲ? ಯಾರ ಬಾಗಲಾನೂ ಮುಟ್ಟಿಲ್ಲ?"

"ಕೈಲಾಸದಾಗ ಬಾಗಲಾ ಎಲ್ಲಿ ಬಂತೋ ಮಾರಾಯಾ! ಬಿಸಲಾಗ ಬಂದೀ, ಒಂದ್ ವಾಟಗಾ ಮಜ್ಜಿಗಿ ಕುಡಿ."

ಕೇಳಿದೆಯಾ? ಪುರಾಣದಲ್ಲಿ ಕಳವಿಲ್ಲ. ಸಾಹೇಬರಿಗೆ ಹೋಗಿ ಹೇಳಿದೆ, ಬರೆದುಕೊಂಡರು. "ಆದ್ರೆ ಇವನೇ ತೆಗೆದುಕೊಂಡು ಹೋದ ಅಂತ ಕಂಡವರು ಒಬ್ಬರೂ ಇಲ್ವಲ್ರೀ. ಇಡೀ ಕಾಲೊನಿ ಗೊತ್ತಿಲ್ಲ ಗೊತ್ತಿಲ್ಲ ಅಂತಿದೆ" ಎಂದು ತಲೆ ಕೆರೆದುಕೊಂಡರು. ಆ ಸಂಕಟ ಕೇಳಬೇಡ, ಕಾಶಿ. ಮೈದಾನದಲ್ಲಿ ಅಷ್ಟು ಜನ ಕುಣಿದವರು, ಒಬ್ಬನಿಗೂ ಕಣ್ಣಿಲ್ಲವೇ? ಈಗ ನಾನು ಚಹದಂಗಡಿಗೆ ಹೋದರೆ ಬೆಂಚು ಖಾಲಿಯಾಗುತ್ತದೆ. ಕದ್ದವನ ಹೆಗಲ ಮೇಲೆ ಕೈ ಹಾಕುತ್ತಾರೆ, ಕಳೆದುಕೊಂಡವನನ್ನು ಕಳ್ಳನಂತೆ ನೋಡುತ್ತಾರೆ. ಇದ್ಯಾವ ನ್ಯಾಯ?

ನಿನ್ನೆ ಸಕ್ಕುಬಾಯಿ ಬಂದಿದ್ದಳು. ನನಗೆ ಜ್ವರ ಬಂದಾಗ ಗಂಜಿ ಮಾಡಿ ಕೊಟ್ಟವಳು, ಅದನ್ನು ನಾನು ಇಲ್ಲವೆನ್ನುವುದಿಲ್ಲ. ಹೊಸ್ತಿಲ ಹೊರಗೇ ನಿಂತಳು.

"ಈಶಪ್ಪಣ್ಣ, ಹುಡುಗನ್ನ ತೆಗೆದ್ರ ನಾವು ಊರಿಗೆ ಹೋಗೂದಷ್ಟ. ಅಲ್ಲಿ ಏನೈತಿ ನಮಗ? ನಾಲ್ಕ ಮನಿ ಭಾಂಡೆ ತಿಕ್ಕತೇನಿ, ನಿಮ್ಮ ಬಾಗಲದ ರೊಕ್ಕಾ ತುಂಬಿ ಕೊಡ್ತೇನಿ. ಎಷ್ಟಂತ ಹೇಳ್ರಿ."

"ಮುನ್ನೂರು ರೂಪಾಯಿ, ಬಾಯಿ. ಮುನ್ನೂರು!"

ಅವಳು ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಬಹಳ ಹೊತ್ತು ಏಳಲಿಲ್ಲ. ನಾನು ಹಿತ್ತಿಲ ಬಾಗಿಲಿನಿಂದ ಪಾಳಿಗೆ ಹೋದೆ. ಮುನ್ನೂರು ಎಂದರೆ ಮುನ್ನೂರೇ, ಅದರಲ್ಲಿ ನಾನು ಮಾಡುವುದೇನಿದೆ?

ನೀನೂ ಆ ಕಡೆಯವರ ಜೊತೆ ಸೇರಿಕೊಂಡೆಯೋ ಹೇಗೆ? ಬೇಗ ಬರೆ.

ಈಶಪ್ಪ


ಇಂದೂರ
ತಾ. 9-4-1962

ಕಾಕಾನವರಿಗೆ,

ಅಜ್ಜಿ ಬಾಯಿ ಬಿಟ್ಟಳು. ನಿಂತು ಓದಬೇಡಿ, ಕುಳಿತು ಓದಿ.

ನೀವು ತಿಳಿದದ್ದು ಸರಿ. ಕದಿಯುವ ಪದ್ಧತಿ ಪುರಾಣದಲ್ಲಿಲ್ಲ. ನಮ್ಮೂರಲ್ಲಿ ಅದು ಹುಟ್ಟಿದ್ದನ್ನು ಅಜ್ಜಿ ಕಣ್ಣಾರೆ ಕಂಡಿದ್ದಾಳೆ. ಬೇರೆ ಊರುಗಳಲ್ಲಿ ಯಾಕೆ ಶುರುವಾಯಿತೋ ನಾನು ಹೇಳಲಾರೆ. ಇಲ್ಲಿ ಆದದ್ದು ಹೀಗೆ.

ಅಜ್ಜಿ ಇನ್ನೂ ಸೀರೆ ಕಾಣದ, ಪರಕಾರ ಉಡುವ ಹುಡುಗಿಯಾಗಿದ್ದಾಗ ಕಾಮಣ್ಣನ ಕಟ್ಟಿಗೆ ಕಾಡಿನಿಂದಲೇ ಬರುತ್ತಿತ್ತು. ಎತ್ತಿಗೆ ಗೊಂಡೆ ಕಟ್ಟಿ, ಹಲಗೆ ಬಾರಿಸುತ್ತ ಒಂದು ಗಾಡಿ ಹೋಗುವುದು, ತುಂಬಿಕೊಂಡು ಬರುವುದು. ಕದಿಯುವ ಮಾತೇ ಇಲ್ಲ. ಆಮೇಲೆ ಬಿಳಿಯ ಸಾಹೇಬರು ಬಂದು ಕಾಡಿಗೆ ಕಲ್ಲು ನೆಟ್ಟರು. ಕಲ್ಲಿನ ಆಚೆಯದು ಸರಕಾರದ್ದು ಎಂದರು. ಆ ವರ್ಷವೂ ಗಾಡಿ ಹೋಯಿತು. ಹೊಡೆದವನು ಅಜ್ಜಿಯ ಅಪ್ಪ, ಅಂದರೆ ನಿಮ್ಮ ಅಜ್ಜ ಮುದಕಪ್ಪ. ಊರ ಗಾಡಿ, ಊರ ಎತ್ತು, ಊರ ಹಬ್ಬ. ಮುದಕಪ್ಪನದು ಬಾರುಕೋಲು ಮಾತ್ರ.

ಮರುದಿನ ಗಾರ್ಡ ಬಂದು, ಇನ್ನೂ ಉರಿಯದೆ ಉಳಿದ ಒಂದು ಕೊರಡನ್ನು ಕಾಲಿನಿಂದ ಒದ್ದು, "ಯಾರದಿದು?" ಎಂದನಂತೆ. ಊರೆಲ್ಲ ಸುಮ್ಮನೆ ನಿಂತಿತ್ತು. ಒಬ್ಬ ಬೆರಳು ಮಾಡಿ ತೋರಿಸಿದ. ಮುದಕಪ್ಪನನ್ನು ಕಾರವಾರಕ್ಕೆ ಎಳೆದೊಯ್ದರು. ಮೂರು ತಿಂಗಳು ಜೈಲು. ಹೋದಾಗ ಗಾಡಿಯ ನೊಗ ಎತ್ತುವ ಗಂಡಸು, ಬಂದಾಗ ಹೊಸ್ತಿಲು ದಾಟಲು ಚೌಕಟ್ಟು ಹಿಡಿಯಬೇಕು. ಮುಂದಿನ ಹೋಳಿ ಅವನು ನೋಡಲಿಲ್ಲ.

ಆ ಹೋಳಿಗೆ ಗಂಡಸರು ಯಾರೂ ಕಾಮಣ್ಣನ ಮಾತೆತ್ತಲಿಲ್ಲ. ಎತ್ತಿದವರು ಹೆಂಗಸರು. ಮುದಕಪ್ಪನ ಹೆಂಡತಿಯೇ ಮೊದಲು. ಎಲ್ಲರೂ ಎಲ್ಲರ ಮನೆಯಿಂದ ಕದಿಯಿರಿ ಎಂದಳಂತೆ. ಇವಳ ಕುಳ್ಳು ಅವಳು, ಅವಳ ಕಟ್ಟಿಗೆ ಇವಳು. ಅಜ್ಜಿಯೇ ಪರಕಾರದಲ್ಲಿ ಸುತ್ತಿ ಸೌದೆ ತಂದಿದ್ದಾಳೆ. ಗಾರ್ಡ ಬಂದು ಯಾರದೆಂದು ಕೇಳಿದರೆ, ಕಳವಿನ ಮಾಲು, ನಮಗೇನು ಗೊತ್ತು? ಯಾರು ಕದ್ದರೆಂದರೆ, ಗೊತ್ತಿದ್ದರೆ ನಾವೇ ಹಿಡಿಯುತ್ತಿದ್ದೆವಲ್ಲ! ಅವನಿಗೆ ನಂಬಿಕೆ ಬರಲೆಂದು ಮನೆಮನೆಯವರು ಬೀದಿಗೆ ನಿಂತು ಕಳ್ಳರನ್ನು ಬಾಯಿಗೆ ಬಂದಂತೆ ಬೈಯುವುದು. ಅವನು ದೂರದಲ್ಲಿ ಕಂಡರೆ ಹುಡುಗರು ಬಾಯಿ ಬಾಯಿ ಬಡಿದುಕೊಂಡು ಲಬೋ ಲಬೋ ಎಂದು ಕೂಗಿ ಸುದ್ದಿ ಮುಟ್ಟಿಸುವುದು. ಗಾರ್ಡ ಮೂರು ವರ್ಷ ಬಂದ, ಒಂದು ಹೆಸರೂ ಸಿಗಲಿಲ್ಲ, ಬರುವುದನ್ನು ಬಿಟ್ಟ. ಪದ್ಧತಿ ಉಳಿಯಿತು. ಯಾಕೆಂಬುದು ಮರೆತುಹೋಯಿತು.

ಆವತ್ತು ಬೆರಳು ಮಾಡಿದವನು ಯಾರೆಂದು ಕೇಳಿದೆ. ಅಜ್ಜಿ ನನ್ನ ಮುಖ ನೋಡಿ, "ಅದನ್ನ ಹೇಳಿದ್ರ ಇಷ್ಟ್ ವರ್ಷ ಕಟ್ಟಿಗಿ ಸುಟ್ಟಿದ್ದೆಲ್ಲಾ ದಂಡಾ ಅಲ್ಲೇನ?" ಎಂದಳು.

ಮತ್ತೆ ನಾನೇನು ಬರೆಯಲಿ?

ಕಾಶೆವ್ವ


ದಾಂಡೇಲಿ
ತಾ. 12-4-1962

ಚಿ. ಕಾಶಿ,

ಶಾಭಾಸ್! ಗೆದ್ದೆ! ನಾನು ಹೇಳಿರಲಿಲ್ಲವೇ? ವೇದವಿಲ್ಲ, ಶಾಸ್ತ್ರವಿಲ್ಲ, ಅತ್ತೆ ಪರಕಾರ ಉಡುತ್ತಿದ್ದಾಗ ಹುಟ್ಟಿದ ಪದ್ಧತಿ! ಅಷ್ಟು ಹಳೆಯ ಮಾವಿನ ಮರಗಳು ನಮ್ಮ ಹೊಲದಲ್ಲೇ ಇವೆ. ಇದನ್ನು ಹಿರಿಯರ ಸಂಪ್ರದಾಯ ಎಂದು ನನ್ನ ಎದುರು ಎದೆ ತಟ್ಟಿದನಲ್ಲ ಆ ಪೋರ!

ಅಜ್ಜನದು ಕೇಳಿ ರಕ್ತ ಕುದಿಯಿತು. ಒಂದು ಗಾಡಿ ಕಟ್ಟಿಗೆಗೆ ಒಂದು ಜೀವ! ಆದರೆ ಅದು ಬೇರೆ ಮಾತು, ಇದು ಬೇರೆ ಮಾತು. ಅಲ್ಲಿ ಗಾರ್ಡನಿಂದ ತಪ್ಪಿಸಿಕೊಳ್ಳಲು ಕದ್ದರು. ಇಲ್ಲಿ ಯಾವ ಗಾರ್ಡ ಇದ್ದ? ನನ್ನಂಥ ಬಡವನ ಬಾಗಿಲನ್ನು ಮೋಜಿಗೆ ಸುಟ್ಟರು. ನಿನ್ನ ಕಾಗದವನ್ನು ಸೋಮವಾರ ಸಾಹೇಬರ ಮುಂದೆ ಗಟ್ಟಿಯಾಗಿ ಓದುತ್ತೇನೆ. ಅಕ್ಷರ ಚೆನ್ನಾಗಿದೆ. ಜೈಲಿನ ಭಾಗ ಬಿಟ್ಟು ಓದುತ್ತೇನೆ, ಮನೆತನದ ಮರ್ಯಾದೆ.

ಸಕ್ಕುಬಾಯಿ ಪಾತ್ರೆ ಪಗಡಗಳನ್ನು ಗೋಣಿಗೆ ತುಂಬಿ ಕಟ್ಟುತ್ತಿದ್ದಾಳೆಂದು ಯಾರೋ ಅಂದರು. ನಾನು ನೋಡಲು ಹೋಗಲಿಲ್ಲ.

ಈಶಪ್ಪ


ಇಂದೂರ
ತಾ. 14-4-1962

ಕಾಕಾ,

ನನ್ನ ಕಾಗದ ಓದಬೇಡಿ. ಅದು ಸಾಹೇಬರಿಗೆ ಬರೆದದ್ದಲ್ಲ, ನಿಮಗೆ ಬರೆದದ್ದು.

ಎಷ್ಟು ವರ್ಷವಾಯಿತು ಎಂದು ಎಣಿಸಿ ಕುಣಿದಿರಲ್ಲ! ಇಷ್ಟು ವರ್ಷದಲ್ಲಿ ಹೋಳಿ ಕಟ್ಟಿಗೆಗೆ ಒಬ್ಬರ ಹೆಸರನ್ನೂ ಯಾರೂ ಸರಕಾರದ ಮುಂದೆ ಹೇಳಿಲ್ಲ. ನೊಗ ಕಳೆದುಕೊಂಡ ಗೌಡರು ಹೇಳಲಿಲ್ಲ. ಅವರಿಗೆ ಕಳ್ಳ ಯಾರೆಂದು ಗೊತ್ತಿತ್ತು, ಅವರ ಪಕ್ಕದಲ್ಲೇ ನಡೆಯುತ್ತಿದ್ದ. ಮೊದಲು ಹೇಳಿದವರು ನೀವು. ಯಾರ ಮೊಮ್ಮಗ ಎಂಬುದನ್ನು ಒಮ್ಮೆ ನೆನಪಿಸಿಕೊಳ್ಳಿ.

ಆ ಬಾಗಿಲು ನನಗೆ ಬರಬೇಕಾಗಿದ್ದು. ನಾನು ಬೈದಾಗಿದೆ, ಮುಗಿದಿದೆ. ಒಬ್ಬ ಹುಡುಗನನ್ನು ಮನೆಯಿಂದ ಹೊರಗೆ ಹಾಕಿ ಮಾಡಿಸಿದ ಬಾಗಿಲು ನನ್ನ ಮನೆಗೆ ಬೇಡ. ಗೋಣಿ ತಟ್ಟೇ ಇರಲಿ.

ಕಾಶೆವ್ವ


ದಾಂಡೇಲಿ
ತಾ. 17-4-1962

ಚಿ. ಕಾಶಿ,

ನಿನ್ನ 14ರ ಕಾಗದ ಇವತ್ತು ಮಧ್ಯಾಹ್ನ ಬಂತು. ವಿಚಾರಣೆ ನಿನ್ನೆಯೇ ಮುಗಿದಿದೆ. ಬೈಗುಳವೆಲ್ಲ ತಲುಪಿತು, ತಡವಾಗಿ. ನಾನು ಏನು ಮಾಡಿದೆ ಎಂಬುದನ್ನು ಓದಿ ಆಮೇಲೆ ಬೇಕಾದರೆ ಇನ್ನೊಂದು ಸಲ ಬೈ.

ತೊಳೆದ ಧೋತರ ಉಟ್ಟು, ನಿನ್ನ ಹಳೆಯ ಕಾಗದವನ್ನು ಎದೆಯ ಕಿಸೆಯಲ್ಲಿಟ್ಟುಕೊಂಡು ಹೋದೆ. ಲಗಮಪ್ಪ ಗೋಡೆಗೆ ಆತು ನಿಂತಿದ್ದ. ಸಕ್ಕುಬಾಯಿ ಹೊರಗೆ. ಕಿಟಕಿಗಳ ತುಂಬ ಕಾಲೊನಿಯ ತಲೆಗಳು. ಮೂಲೆಯ ಕುರ್ಚಿಯಲ್ಲಿ ಖಾಕಿ ತೊಟ್ಟವನೊಬ್ಬ ಕುಳಿತಿದ್ದ.

"ಇವರು ಫಾರೆಸ್ಟ್ ಗಾರ್ಡು. ನೀವು ಸಾಗವಾನಿ, ಮುನ್ನೂರು ರೂಪಾಯಿ ಅಂತ ಬರೆದಿದ್ದೀರಲ್ಲ, ಬೆಲೆ ಸರಿಯೋ ಅಂತ ತಿಳಿದವರನ್ನೇ ಕರೆಸಿದೆ" ಎಂದರು ಸಾಹೇಬರು. ನನ್ನ ಪರವಾಗಿಯೇ ಕರೆಸಿದ್ದಾರೆಂದು ನಾನು ಮೀಸೆ ತಿರುವಿದೆ. ತಿರುವಿದ ಕೈ ಮೇಲೆಯೇ ಉಳಿಯಿತು. ಆ ಗಾರ್ಡ ಬೂದಿಯಲ್ಲಿ ಸಿಕ್ಕ ಬಿಜಾಗರಿಯನ್ನು ಮೇಜಿನ ಮೇಲೆ ಟಣ್ ಎಂದು ಹಾಕಿ ಕೇಳಿದ:

"ಯಾರದಿದು?"

ಕಾಶಿ, ಅದೇ ಮಾತು. ಎದೆಯ ಕಿಸೆಯಲ್ಲಿದ್ದ ನಿನ್ನ ಕಾಗದ ಸುಟ್ಟ ಹಾಗಾಯಿತು.

"ಸಾಗವಾನಿ ಅಂದಮ್ಯಾಲ ಪಾಸ್ ಎಲ್ಲೈತಿ? ಕಟ್ಟಿಗಿ ಮ್ಯಾಲ ಸರಕಾರದ ಸಿಕ್ಕಾ ಇತ್ತೇನು? ಮುನ್ನೂರು ರೂಪಾಯಿ ಮಾಲಂದ್ರ ಸಣ್ಣ ಕೇಸ್ ಅಲ್ಲ. ಹೇಳ್ರಿ, ಯಾರು ಇದರ ಮಾಲಕ?"

ದಿಲ್ಲಿಯ ಕಾಗದ ಮಾಡಿದ ಮನುಷ್ಯನಿಗೆ ಒಂದು ಅಕ್ಷರ ಹೊರಡಲಿಲ್ಲ. ಆಗ ಗೋಡೆಯ ಕಡೆಯಿಂದ ಲಗಮಪ್ಪ ಮುಂದೆ ಬಂದ.

"ಸಾಗವಾನಿ ಎಲ್ಲಿ ಬಂತ್ರಿ ಸಾಹೇಬ್ರ? ಮಾವಿನ ಹಲಗಿ. ಹುಳಾ ಹಿಡಿದಿತ್ತು. ಈ ಹೆಗಲ ಮ್ಯಾಲ ಹೊತ್ತೇನಿ, ನನಗ ಗೊತ್ತಿಲ್ಲೇನು? ಈಶಪ್ಪ ಕಾಕಾಗ ದೊಡ್ಡದು ಮಾಡಿ ಹೇಳೂ ಚಟಾ ಐತ್ರಿ. ಇಡೀ ಚಾಳಿಗೆ ಗೊತ್ತೈತಿ."

ಸಾಹೇಬರು ಕನ್ನಡಕ ತೆಗೆದರು. "ಅಂದ್ರೆ ಹೊತ್ತಿದ್ದು ನೀನೇ ಅಂತ ಒಪ್ಕೊಂಡೆ."

"ಹೌದ್ರಿ."

"ಮೂರು ವಾರದಿಂದ ಒಬ್ಬನೂ ಬಾಯಿ ಬಿಟ್ಟಿಲ್ಲ. ಈಗ ನೀನಾಗೇ ಹೇಳ್ತಿದ್ದೀಯ. ಕೆಲಸ ಹೋಗುತ್ತೆ, ಗೊತ್ತಾ?"

"ಗೊತ್ತೈತ್ರಿ."

ಸಾಹೇಬರು ಪೆನ್ನು ತೆಗೆದುಕೊಂಡರು. ಹೊರಗೆ ಸಕ್ಕುಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ನನಗೆ ಬಂದ ಸಿಟ್ಟನ್ನು ಹೇಗೆ ಬರೆಯಲಿ? ನನ್ನ ಬಾಗಿಲನ್ನು ಹುಳ ಹಿಡಿದ ಮಾವು ಎಂದನಲ್ಲ, ಅದಕ್ಕೆ ಸಿಟ್ಟು. ಹಾಗೆಂದು ನನ್ನನ್ನೇ ಕಾಯ್ದನಲ್ಲ, ಅದಕ್ಕೆ ಇನ್ನೂ ಸಿಟ್ಟು. ನಾನು ಯಾರ ಹೆಸರನ್ನು ಅರ್ಜಿಯ ಮೇಲೆ ಬರೆದೆನೋ ಅವನು ನನ್ನ ಹೆಸರನ್ನು ಗಾರ್ಡನ ಬಾಯಿಯಿಂದ ಕಿತ್ತುಕೊಂಡ. ಅವನಿಗೆ ಮುದಕಪ್ಪ ಗೊತ್ತಿಲ್ಲ, ಜೈಲು ಗೊತ್ತಿಲ್ಲ, ಪದ್ಧತಿ ಎಲ್ಲಿ ಹುಟ್ಟಿತೆಂದು ಗೊತ್ತಿಲ್ಲ. ನನ್ನ ಕಿಸೆಯಲ್ಲಿ ಎಲ್ಲ ಬರೆದು ಇಟ್ಟಿತ್ತು.

ಎದ್ದು ನಿಂತೆ. "ಸಾಹೇಬರ, ಪೆನ್ನು ಕೆಳಗಿಡ್ರಿ. ಅವ ಕದ್ದಿಲ್ಲ, ನಾ ಕೊಟ್ಟೇನಿ. ಪಾಳಿಗೆ ಹೋಗೂಮುಂದ ಹೊತ್ತೊಯ್ರೋ ಅಂತ ನಾನ ಹೇಳಿ ಹೋಗಿದ್ದೆ. ಮಾವಿನ ಹಲಗಿನ ಹೌದು. ಆನಿನೂ ಇಲ್ಲ, ಕಮಲಾನೂ ಇಲ್ಲ, ದೇಸಾಯರ ವಾಡೆನೂ ಇಲ್ಲ. ಉರಿಯೂದು ಬಿಟ್ರ ಬ್ಯಾರೆ ಯಾವ ಕೆಲಸಕ್ಕೂ ಬರತಿದ್ದಿಲ್ಲ."

"ಹಾಗಾದ್ರೆ ಈ ಅರ್ಜಿ ಯಾಕ್ರೀ ಕೊಟ್ರಿ?"

"ಹೋಳಿ ಕಟ್ಟಿಗಿ ಹೋತಂದ್ರ ಬೈಬೇಕ್ರಿ, ಪದ್ಧತಿ ಐತಿ. ನನಗ ಬಾಯಿಲೆ ಬೈದ್ರ ಸಾಲಲಿಲ್ಲ, ಕಾಗದದ ಮ್ಯಾಲ ಬೈದೆ."

ಕಿಟಕಿಗಳೆಲ್ಲ ನಕ್ಕವು, ಕಾಶಿ. ಗಾರ್ಡನೂ ನಕ್ಕ, ಬಿಜಾಗರಿಯನ್ನು ಕಿಸೆಗೆ ಹಾಕಿಕೊಂಡು ಹೋದ. ಅದು ಯಾವ ಕಾಯಿದೆಯೋ ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಸಾಹೇಬರು ಮಾತ್ರ ನಗಲಿಲ್ಲ. ಸುಳ್ಳು ಅರ್ಜಿ ಕೊಟ್ಟು ಕಚೇರಿಯ ಹೊತ್ತು ಹಾಳು ಮಾಡಿದ್ದಕ್ಕೆ ನನ್ನ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಏನೋ ಬರೆದರು. ಲಗಮಪ್ಪನಿಗೆ, "ಹೋಗಯ್ಯ, ಒಂದನೇ ತಾರೀಖು ಬಂದು ಸಹಿ ಮಾಡು" ಎಂದರು. ಅವನು ಕಾಯಂ ಆದ. ಸಕ್ಕುಬಾಯಿ ಗೋಣಿ ಬಿಚ್ಚಿದಳು.

ಈಗ ಚಹದಂಗಡಿಯ ಬೆಂಚಿನಿಂದ ಯಾರೂ ಏಳುವುದಿಲ್ಲ. ಅದರ ಬದಲು, "ಬರ್ರಿ ಮಾವಿನ ಹಲಗಿ ಕಾಕಾ" ಎಂದು ಜಾಗ ಕೊಡುತ್ತಾರೆ. ಚಿಲ್ಟಾರಿಗಳೂ ಹಾಗೇ ಕರೆಯುತ್ತಾರೆ! ಇಷ್ಟು ವರ್ಷ ಕಷ್ಟಪಟ್ಟು ಗಳಿಸಿದ ಹೆಸರು ಒಂದು ಮಾತಿಗೆ ಹೋಯಿತು. ನನಗಿನ್ನೂ ಸಿಟ್ಟು ಇಳಿದಿಲ್ಲ. ಅಜ್ಜನ ಮೇಲೆ ಬಿದ್ದ ಆ ಮೂರು ತಿಂಗಳು ನೆನೆದರೆ ಯಾರ ಮೇಲೆ ಹೋಗಬೇಕೆಂದೇ ತಿಳಿಯದು. ಆ ಸಾಹೇಬ ಇಲ್ಲ, ಆ ಗಾರ್ಡ ಇಲ್ಲ. ಬೆರಳು ಮಾಡಿದವನು ಯಾರೆಂದು ಅತ್ತೆಯನ್ನು ಕೇಳಬೇಡ. ಅವನು ಕೂಡ ಆ ಹೊತ್ತಿಗೆ ತಾನು ಸರಿಯೆಂದೇ ತಿಳಿದಿದ್ದನೋ ಏನೋ.

ಲಗಮಪ್ಪ ನಿನ್ನೆ ಸಂಜೆಯಿಂದಲೇ ಕುಳಿತು ನಿನ್ನ ಚೌಕಟ್ಟಿಗೆ ಬಿದಿರಿನ ತಟ್ಟಿ ಹೆಣೆಯುತ್ತಿದ್ದಾನೆ. ಗಟ್ಟಿಯಾಗಿದೆ, ಕರು ನೂಕಿದರೆ ಬಗ್ಗುವುದಿಲ್ಲ. ನೀನು ಬೇಡವೆಂದದ್ದು ಓದಿದೆ. ಇದು ಆ ಬಾಗಿಲಲ್ಲ. ಈ ಸಲ ಪಾಸು ಬರೆಸಿಯೇ ಕಳಿಸುತ್ತೇನೆ, ಹೆದರಬೇಡ.

ಇನ್ನೊಂದು ಮಾತು. ಮುನ್ನೂರು ರೂಪಾಯಿಯ ಬಾಗಿಲು ಹೋಯಿತೆಂದು ಶಿವಲಿಂಗಪ್ಪ ಒಳಗೊಳಗೇ ಮರುಗುತ್ತಿರಬೇಕು. ಅವನಿಗೆ ತಿಳಿಸು. ಜೋಯಿಡಾ ಕಡೆಯವನೊಬ್ಬ ತಲೆಯ ಮೇಲೆ ಹೊತ್ತು ತಂದು ಮಾರಿದ ಹಲಗೆಗಳವು. ಒಂದು ಕದ ಸಾಗವಾನಿ, ಅದಕ್ಕೆ ಸಿಕ್ಕಾ ಇರಲಿಲ್ಲ. ಇನ್ನೊಂದು ಕದ ಮಾವು. ಹುಳದ ಮಾತೂ ನಿಜ. ಲಗಮಪ್ಪ ಅರ್ಧವಷ್ಟೇ ಸುಳ್ಳು ಹೇಳಿದ್ದು. ಕಮಲ ಒಂದಿತ್ತು, ಅದನ್ನು ನಾನೇ ಮೊಳೆಯಿಂದ ಕೆರೆದಿದ್ದೆ. ನೋಡಿದವರು ಬದನೆಕಾಯಿ ಅನ್ನುತ್ತಿದ್ದರು.

ನಾನು ಕೊಟ್ಟದ್ದು ಹತ್ತೊಂಬತ್ತು ರೂಪಾಯಿ. ಬಿಜಾಗರಿಯೂ ಸೇರಿ.

ನಿನ್ನ ಕಾಕಾ
ಈಶಪ್ಪ